ಹಳ್ಳಿ ಬಸ್ಸು ಪೇಟೆ ಬಸ್ಸನ್ನು ಕೂಡಿದ ಕಥೆ

ಈ ಹೊತ್ತು ನಿಮ್ಮೊಡನೆ ಬಸ್ಸಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಬಿತ್ತನೆ, ಗೊಬ್ಬರ, ದನಕರುಗಳ ಮಾತು ಬಿಟ್ಟು ಇದೇನಪ್ಪ ಬಸ್ಸಿನ ಸುದ್ದಿ ತೆಗೆದರು ಎಂದು ನಿಮಗನ್ನಿಸಬಹುದು. ಆದರೆ ನೋಡಿ, ಬೆಳೆದದ್ದನ್ನು ಮಾರಬೇಕಾದರೆ ಪೇಟೆಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಮಗಳು ಕಾಲೇಜಿಗೆ, ಮಗ ಕಾರ್ಖಾನೆಗೆ ದಿನವೂ ಹೋಗಿ ಬರಬೇಕು. ಹೀಗಿರುವಾಗ ನೇಗಿಲು, ಗಾಡಿಗಳಂತೆ ಬಸ್ಸು ಕೂಡ ಬೇಸಾಯದ ಮನೆಗೆ ಬೇಕಾದ ವಸ್ತುವೇ ಆಯಿತಲ್ಲವೇ?

ಒಂದು ಪ್ರಶ್ನೆ ಕೇಳುತ್ತೇನೆ. ಮಾಗಡಿ ಕಡೆಯಿಂದಲೋ ಕನಕಪುರದ ಕಡೆಯಿಂದಲೋ ಹೊರಟು ಬೆಂಗಳೂರು ಮುಟ್ಟುವುದು ಕಷ್ಟವೋ, ಬೆಂಗಳೂರಿನಲ್ಲಿ ಬಸ್ಸಿಳಿದ ಮೇಲೆ ನೀವು ಹೋಗಬೇಕಾದ ಬೀದಿಯನ್ನು ಮುಟ್ಟುವುದು ಕಷ್ಟವೋ? "ಊರಿಂದ ಇಲ್ಲೀಗಂಟ ಬಂದಿದ್ದು ಒಂದು ಲೆಕ್ಕ, ಇಲ್ಲಿಂದ ಆಸ್ಪತ್ರೆ ಸೇರೋದು ಇನ್ನೊಂದು ಲೆಕ್ಕ ಕಣಪ್ಪ" ಅಂತ ಹಿರಿಯರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಕೆರೆ ತುಂಬಿದೆ, ದೊಡ್ಡ ಕಾಲುವೆಯಲ್ಲಿ ನೀರೂ ಹರಿಯುತ್ತಿದೆ. ಆದರೆ ಅಲ್ಲಿಂದ ಗದ್ದೆಗೆ ತಿರುಗಿಸುವ ಸಣ್ಣ ಕಾಲುವೆಯನ್ನೇ ತೋಡದಿದ್ದರೆ ಪೈರಿನ ಗತಿ ಏನು? ಹಳ್ಳಿಯ ಬಸ್ಸು ಪಟ್ಟಣದ ಬಸ್ಸನ್ನು ಎಲ್ಲಿ ಕೂಡುತ್ತದೆ, ಹೇಗೆ ಕೂಡುತ್ತದೆ ಎಂಬುದೂ ಅಂಥದ್ದೇ. ಬೆಂಗಳೂರಿನಲ್ಲಿ ಈ ಕೂಡುವ ಜಾಗ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಅದು ಬದಲಾದಾಗಲೆಲ್ಲ ಗಂಟು ಹೊತ್ತು ನಡೆದವರು ಹಳ್ಳಿಯವರೇ. ಆ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮೋಟಾರು ಬರುವ ಮೊದಲು ಪ್ರಯಾಣವೆಂದರೆ ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆ. 1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂತು. ಆಮೇಲೆ ಬೆಂಗಳೂರಿಗೂ ಮೈಸೂರಿಗೂ ರೈಲುದಾರಿ ಬಿತ್ತು. ನಮ್ಮ ಅಜ್ಜಂದಿರ ಅಜ್ಜಂದಿರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ಘೋರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವುದಕ್ಕೆಂದು ಈ ದಾರಿಯ ಮಣ್ಣಿನ ಕೆಲಸ ನಡೆಯಿತು. ರೈಲಿನಲ್ಲಿ ಬಂದಿಳಿದ ರೈತನಿಗೆ ನಿಲ್ದಾಣದ ಹೊರಗೆ ಜಟಕಾ ಬಂಡಿ ಕಾಯುತ್ತಿತ್ತು. ರೈಲಿಗೆ ಕೊಟ್ಟ ಕಾಸು ಬೇರೆ, ಜಟಕಾದವನಿಗೆ ಕೊಡುವ ಕಾಸು ಬೇರೆ. ಎರಡು ಸವಾರಿಗೆ ಎರಡು ಚೀಟಿ ಎಂಬ ಪದ್ಧತಿ, ನೋಡಿ, ಬಸ್ಸಿಗಿಂತಲೂ ಹಳೆಯದು.

1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ, ಎಂದರೆ ನಾವು ಸಿಟಿ ಮಾರ್ಕೆಟ್ ಎಂದು ಕರೆಯುವುದು, ಕಟ್ಟಲ್ಪಟ್ಟಿತು. ಅದಕ್ಕೂ ಹಿಂದೆ ಆ ಜಾಗದಲ್ಲಿ ಸಿದ್ದಿಕಟ್ಟೆ ಎಂಬ ನೀರಿನ ಕಟ್ಟೆಯಿತ್ತು. ಮಾರುಕಟ್ಟೆಯ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ, ಎದುರಿಗೆ ಚಿಕ್ಕಪೇಟೆ, ಅತ್ತ ಕಲಾಸಿಪಾಳ್ಯ. ಸೊಪ್ಪು ಮಾರಿ, ತಾಯಿಗೆ ಔಷಧಿ ಕೊಂಡು, ಮಗಳ ಮದುವೆಗೆ ಸೀರೆ ನೋಡಿ, ಮತ್ತೆ ಊರ ಬಸ್ಸು ಹಿಡಿಯುವುದಕ್ಕೆ ಒಂದು ಮೈಲಿ ಸುತ್ತಳತೆಯೊಳಗೆ ಎಲ್ಲವೂ ಇತ್ತು. ಆದಕಾರಣ ಹಳ್ಳಿಯವರಿಗೆ 'ಬೆಂಗಳೂರು' ಎಂದರೆ ಮಾರ್ಕೆಟ್ಟೇ ಆಗಿತ್ತು.

ಮೋಟಾರು ಬಸ್ಸು ನಡೆಸತೊಡಗಿದವರು ಖಾಸಗಿ ಮಾಲೀಕರು. ಒಬ್ಬೊಬ್ಬರಿಗೆ ಒಂದೆರಡು ಬಸ್ಸು. ಜನ ತುಂಬಿದರೆ ಹೊರಡುವುದು, ತುಂಬದಿದ್ದರೆ ನಿಲ್ಲುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರಗಾಲ ಬಂದಾಗ ಬಸ್ಸಿನ ಹಿಂದೆ ಒಂದು ಉರುಟಾದ ಒಲೆ ಕೂರಿಸಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಬಸ್ಸು ಓಡಿಸಿದರು. ಬೆಳಗ್ಗೆ ಹೊರಡುವ ಮುಂಚೆ ಗಾಳಿಯಂತ್ರ ತಿರುಗಿಸಿ ತಿರುಗಿಸಿ ಒಲೆ ಹೊತ್ತಿಸಬೇಕು. ದಿಣ್ಣೆ ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಇಷ್ಟೆಲ್ಲ ಪಡಿಪಾಟಲು ಇದ್ದರೂ ಒಂದು ಅನುಕೂಲವನ್ನು ಒಪ್ಪಲೇಬೇಕು. ಖಾಸಗಿ ಮಾಲೀಕನಿಗೆ ತನ್ನ ಬಸ್ಸಿನ ಟಾಪಿನ ಮೇಲೆ ಏನಿದೆ ಎಂಬುದು ಗೊತ್ತಿತ್ತು. ಹಿಂಬದಿಯ ಏಣಿ ಹತ್ತಿಸಿ ಮೇಲೆ ಕಟ್ಟಿದ ಅವರೆಕಾಯಿ ಮೂಟೆ, ಬದನೆಕಾಯಿ ಮಂಕರಿ, ಕೋಳಿ ಬುಟ್ಟಿ ಎಲ್ಲ ಹೋಗಬೇಕಾದದ್ದು ಮಾರ್ಕೆಟ್ಟಿಗೆ. ಆದ್ದರಿಂದ ಬಸ್ಸು ಮಾರ್ಕೆಟ್ಟಿನ ತನಕ ಹೋಗುತ್ತಿತ್ತು. ಅದು ಧರ್ಮಕ್ಕೆ ಮಾಡಿದ ಕೆಲಸವಲ್ಲ, ಲಗೇಜಿನ ಬಾಡಿಗೆಗೆ ಮಾಡಿದ್ದು. ಆದರೂ ರೈತನ ಹೆಗಲಿಗೆ ಭಾರ ತಪ್ಪಿತು. ಇವತ್ತಿಗೂ ಕಲಾಸಿಪಾಳ್ಯದ ನಿಲ್ದಾಣದಿಂದ ಖಾಸಗಿ ಬಸ್ಸುಗಳು ಹೊರಡುತ್ತವೆ. ಇನ್ನೊಂದು ಮಗ್ಗುಲೂ ಉಂಟು. ದೊಡ್ಡ ರಸ್ತೆಯ ಊರುಗಳಿಗೆ ನಾಲ್ಕು ಬಸ್ಸು ಪೈಪೋಟಿ ಮಾಡಿದರೆ, ಅಲ್ಲಿಂದ ಮೂರು ಮೈಲಿ ಒಳಗಿನ ಸಣ್ಣ ಹಳ್ಳಿಯನ್ನು ಕೇಳುವವರಿರಲಿಲ್ಲ. ಲಾಭವಿಲ್ಲದ ಕಡೆಗೆ ಬಸ್ಸು ಬಿಡು ಎಂದು ಯಾರು ಯಾರಿಗೆ ಹೇಳಬೇಕು?

ಇತ್ತ ಪಟ್ಟಣದ ಒಳಗೆ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬುದು ಹುಟ್ಟಿತು. ಇದು ನಗರದ ಬೀದಿಗಳಲ್ಲಿ ಓಡಾಡುವ ಬಸ್ಸು. ಅಂದಿನ ಬೆಂಗಳೂರು ಒಂದಲ್ಲ, ಎರಡು ಊರು ಎಂಬುದನ್ನು ನೆನಪಿಡಿ. ಮೈಸೂರು ಮಹಾರಾಜರ ಆಳ್ವಿಕೆಯ ಪೇಟೆ ಒಂದು, ಬ್ರಿಟಿಷರ ಕೈಯಲ್ಲಿದ್ದ ದಂಡು ಇನ್ನೊಂದು. ಎರಡೂ ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಪಶ್ಚಿಮ, ದಕ್ಷಿಣದ ಹಳ್ಳಿಗಳಿಗೆ ಮಾರ್ಕೆಟ್ಟು ಹತ್ತಿರವಾದರೆ ಪೂರ್ವದ ಹಳ್ಳಿಗಳಿಗೆ ಶಿವಾಜಿನಗರ, ರಸೆಲ್ ಮಾರುಕಟ್ಟೆ ಹತ್ತಿರ. ಎರಡು ಊರು ಕಾಗದದ ಮೇಲೆ ಒಂದಾದರೂ ಎರಡು ಬಸ್ ನಿಲ್ದಾಣಗಳು ಹಾಗೆಯೇ ಉಳಿದವು. ಈಗಲೂ ಒಂದರಲ್ಲಿ ಇಳಿದವರು ಇನ್ನೊಂದಕ್ಕೆ ಹೋಗಿ ಬಸ್ಸು ಬದಲಾಯಿಸುವುದನ್ನು ಕಾಣುತ್ತೇವೆ.

ಇನ್ನು ಸರ್ಕಾರದ ಬಸ್ಸು. 1948ನೆಯ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನದೇ ಆದ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. 1956ರಲ್ಲಿ ನಗರದ ಕಂಪನಿಯನ್ನೂ ಸರ್ಕಾರ ವಹಿಸಿಕೊಂಡಿತು. ಅದೇ ಮುಂದೆ ಬೆಂಗಳೂರು ಸಾರಿಗೆ ಸೇವೆ, ಜನರ ಬಾಯಲ್ಲಿ ಬಿ.ಟಿ.ಎಸ್. 1961ರ ಆಗಸ್ಟ್ 1ರಂದು ಸಾರಿಗೆ ಇಲಾಖೆ ನಿಗಮವಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಿ.ಟಿ.ಎಸ್. ಕೂಡ ಆ ನಿಗಮದಲ್ಲಿ ಸೇರಿತು. ಅಂದರೆ ಹಳ್ಳಿಯ ಕೆಂಪು ಬಸ್ಸೂ ನಗರದ ಬಸ್ಸೂ ಒಂದೇ ಮನೆಯ ಅಣ್ಣತಮ್ಮಂದಿರಾದರು; ಒಂದೇ ಹಣದ ಪೆಟ್ಟಿಗೆ, ಒಬ್ಬನೇ ಯಜಮಾನ.

ಈ ಕಾಲದಲ್ಲಿ ಹಳ್ಳಿಗಳಿಗೆ ಆದ ದೊಡ್ಡ ಉಪಕಾರವೆಂದರೆ, ನನ್ನ ಮಟ್ಟಿಗೆ ಹೇಳುವುದಾದರೆ, ಹಾಲ್ಟ್ ಬಸ್ಸು. ರಾತ್ರಿ ಕೊನೆಯ ಬಸ್ಸು ಊರಿಗೆ ಬಂದು ಅಲ್ಲೇ ನಿಲ್ಲುವುದು. ಡ್ರೈವರು, ಕಂಡಕ್ಟರು ದೇವಸ್ಥಾನದ ಜಗುಲಿಯಲ್ಲೋ, ಶಾಲೆಯ ಪಡಸಾಲೆಯಲ್ಲೋ, ಬಸ್ಸಿನ ಸೀಟಿನ ಮೇಲೆಯೋ ಮಲಗುವರು. ಯಾರದಾದರೂ ಮನೆಯಿಂದ ಮುದ್ದೆ, ಸಾರು ಬರುವುದು. ಕೋಳಿ ಕೂಗುವ ಹೊತ್ತಿಗೆ ಕಂಡಕ್ಟರು ಸೀಟಿ ಊದಿದರೆ ಹೂವಿನ ಬುಟ್ಟಿಯವರು, ಸೊಪ್ಪಿನ ಕಂತೆಯವರು ಹತ್ತುವರು. ಲಾಭನಷ್ಟದ ಲೆಕ್ಕ ಹಾಕುವ ಖಾಸಗಿ ಮಾಲೀಕ ಹೆಚ್ಚಾಗಿ ಕೈಹಾಕದ ಕೆಲಸ ಇದು. ರಾತ್ರಿಯ ಕೊನೆಯ ಬಸ್ಸೂ ಬೆಳಗಿನ ಮೊದಲ ಬಸ್ಸೂ ಒಂದೇ ಆದುದರಿಂದ ಇದರಲ್ಲಿ ಒಂದು ತೊಡಕೂ ಇತ್ತು. ನಗರದ ಇನ್ನೊಂದು ಮೂಲೆಯಲ್ಲಿ ಕೆಲಸ ಮುಗಿಸಿ ಬರುವವನಿಗೆ ನಗರದ ಬಸ್ಸು ಹತ್ತು ನಿಮಿಷ ತಡವಾದರೆ ಊರ ಬಸ್ಸು ತಪ್ಪಿತು. ತಪ್ಪಿದರೆ ರಾತ್ರಿಯೆಲ್ಲ ನಿಲ್ದಾಣದ ಕಲ್ಲುಬೆಂಚೇ ಗತಿ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದರು ನಿಜ, ಆದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಿರಲಿಲ್ಲ.

ಚೀಟಿಯ ವಿಷಯವೂ ಹಾಗೆಯೇ. ಊರಿನಿಂದ ಬೆಂಗಳೂರಿಗೆ ಒಂದು ಟಿಕೆಟ್ಟು, ಇಳಿದ ಮೇಲೆ ನಗರದ ಬಸ್ಸಿಗೆ ಇನ್ನೊಂದು ಟಿಕೆಟ್ಟು. ಎರಡು ದುಡ್ಡೂ ಒಂದೇ ಪೆಟ್ಟಿಗೆಗೆ ಬೀಳುತ್ತಿದ್ದ ಮೂವತ್ತಾರು ವರ್ಷ ಕಾಲ ಇದನ್ನು ಒಂದಾಗಿಸುವುದಕ್ಕೆ ಅವಕಾಶವಿತ್ತು. ಬಸ್ಸಿನ ದರ ಎತ್ತಿ ಕಟ್ಟುವಾಗ ಬಸ್ಸು ಹತ್ತಿದ ಕೂಡಲೇ ಒಂದು ಕನಿಷ್ಠ ದರ, ಆಮೇಲೆ ಸ್ಟೇಜಿಗೆ ಇಷ್ಟು ಎಂದು ಲೆಕ್ಕ. ಎರಡು ಸಾರಿ ಹತ್ತಿದವನು ಆ ಕನಿಷ್ಠ ದರವನ್ನು ಎರಡು ಸಾರಿ ಕೊಡುತ್ತಾನೆ. ಬದಲಾಯಿಸದೆ ನೇರ ಹೋಗುವವನಿಗಿಂತ, ಬದಲಾಯಿಸಿ ಕಷ್ಟಪಟ್ಟವನೇ ಹೆಚ್ಚು ಕೊಟ್ಟ ಹಾಗಾಯಿತು. ಇದು ಯಾವ ನ್ಯಾಯ ಎಂದು ನೀವೇ ಹೇಳಿ.

ನಿಲ್ದಾಣದ ಕಥೆ ಕೇಳಿ. ಸಿಟಿ ರೈಲು ನಿಲ್ದಾಣದ ಎದುರಿಗೆ ಧರ್ಮಾಂಬುಧಿ ಎಂಬ ಕೆರೆಯಿತ್ತು. ಅದು ಬತ್ತಿ ಬಯಲಾಗಿ, ಆ ಬಯಲೇ ಬಸ್ ನಿಲ್ದಾಣವಾಯಿತು. ಪಕ್ಕದಲ್ಲಿದ್ದ ಸಿನಿಮಾ ಮಂದಿರದ ಹೆಸರು ಹಿಡಿದು ಜನ ಮೆಜೆಸ್ಟಿಕ್ ಎಂದರು. ಸರ್ಕಾರದವರ ಲೆಕ್ಕದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಮಾರ್ಕೆಟ್ಟು ಒಂದು ಕಟ್ಟೆಯ ಮೇಲೆ, ಬಸ್ ನಿಲ್ದಾಣ ಒಂದು ಕೆರೆಯ ಮೇಲೆ. ಕೆರೆ ಕಟ್ಟಿಸಿದ ಊರಿನಲ್ಲಿ ಕೆರೆಯಂಗಳಕ್ಕೆ ಎಷ್ಟು ಗಿರಾಕಿ ನೋಡಿದಿರಾ! 1980ರ ದಶಕದಲ್ಲಿ ನಗರದ ಬಸ್ಸುಗಳಿಗೆ ಇಲ್ಲಿ ದೊಡ್ಡ ನಿಲ್ದಾಣವಾಯಿತು. ಒಂದು ಕಡೆ ಹೊರ ಊರಿನ ಬಸ್ಸು, ಒಂದು ಕಡೆ ನಗರದ ಬಸ್ಸು, ಮತ್ತೊಂದು ಕಡೆ ರೈಲು. ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಕೂಟ ಬೇರೆ ಇಲ್ಲ. ತಲೆಯ ಮೇಲೆ ಮೂಟೆ, ಕಂಕುಳಲ್ಲಿ ಮಗು ಇಟ್ಟುಕೊಂಡು ಮೆಟ್ಟಿಲು ಇಳಿದು ಹತ್ತಿ, ಅಷ್ಟೂ ಅಂಕಣಗಳಲ್ಲಿ ತನ್ನ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆಂದು ಹುಡುಕುವ ತಾಯಿಗೆ ಕೇಳಿದರೆ ಬೇರೆ ಮಾತು ಹೇಳುತ್ತಾಳೆ.

1997ರ ಆಗಸ್ಟ್ 15ರಂದು ಅಣ್ಣತಮ್ಮಂದಿರು ಪಾಲಾದರು. ನಗರದ ಬಸ್ಸುಗಳು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಎಂದು ಬೇರೆಯಾದವು. ಅದೇ ವರ್ಷ ನವೆಂಬರಿನಲ್ಲಿ ವಾಯವ್ಯ ಭಾಗದ ಜಿಲ್ಲೆಗಳದ್ದು, 2000ದಲ್ಲಿ ಈಶಾನ್ಯ ಭಾಗದ್ದು ಬೇರೆ ಬೇರೆ ನಿಗಮಗಳಾದವು. ನಗರ ಬೆಳೆದ ರಭಸ ನೋಡಿದರೆ ಅದಕ್ಕೊಂದು ಬೇರೆ ಆಡಳಿತ ಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ನಗರದ ಬಸ್ಸುಗಳು ಹೆಚ್ಚಿದವು, ದಿನದ ಪಾಸು ತೆಗೆದುಕೊಂಡರೆ ಇಡೀ ದಿನ ನಗರದ ಸಾಮಾನ್ಯ ಬಸ್ಸುಗಳಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು ಎಂಬ ಅನುಕೂಲವೂ ಬಂತು. ಆದರೆ ಪಾಲಾದ ಜಮೀನಿಗೆ ಬದು ಬೀಳುವಂತೆ ಇಲ್ಲಿಯೂ ಬದು ಬಿತ್ತು. ನಗರದ ಪಾಸು ಕೆಂಪು ಬಸ್ಸಿಗೆ ಬಾರದು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಆನೇಕಲ್ಲುಗಳ ದೊಡ್ಡ ರಸ್ತೆಯಲ್ಲಿ ಎರಡೂ ಸಂಸ್ಥೆಯ ಬಸ್ಸುಗಳು ಓಡುತ್ತವೆ. ಆ ರಸ್ತೆಯಿಂದ ಒಳಗಿರುವ ಹಳ್ಳಿಯವರು ಕೇಳಲು ಹೋದರೆ "ಅದು ಅವರ ಭಾಗ" ಎಂಬ ಉತ್ತರ ಬರುವುದುಂಟು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. (2025ರಲ್ಲಿ ಅದನ್ನೂ ಒಡೆದು ಐದು ಪಾಲಿಕೆಗಳಾದವು, ಅದು ಬೇರೆ ಕಥೆ.) ಆ 110 ಹಳ್ಳಿಗಳವರು ಹೊಲದ ಬದುವಿನಲ್ಲಿ ನಿಂತಂತೆಯೇ ಒಂದು ದಿನ ನಗರವಾಸಿಗಳಾದರು. 111ನೆಯ ಹಳ್ಳಿಯವರು ಹಳ್ಳಿಯವರಾಗಿಯೇ ಉಳಿದರು. ದಿನಾ ಬೆಳಗ್ಗೆ ಇಬ್ಬರೂ ಹೋಗುವುದು ಅದೇ ಕಾರ್ಖಾನೆಗೆ, ಅದೇ ಕಾಲೇಜಿಗೆ.

ಈ ನಡುವೆ ಹಳ್ಳಿಯ ಬಸ್ಸುಗಳನ್ನು ಮೆಜೆಸ್ಟಿಕ್ಕಿನವರೆಗೆ ಬಿಡದೆ ಊರಂಚಿನಲ್ಲೇ ನಿಲ್ಲಿಸಬೇಕು, ಹಾಗೆ ಮಾಡಿದರೆ ರಸ್ತೆಯ ಇಕ್ಕಟ್ಟು ಕಡಿಮೆಯಾಗುತ್ತದೆ ಎಂಬ ಆಲೋಚನೆ ಬಲವಾಯಿತು. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಹಣದ ನೆರವಿನಿಂದ ಶಾಂತಿನಗರ, ಬನಶಂಕರಿ, ವಿಜಯನಗರ, ಯಶವಂತಪುರ, ಕೆಂಗೇರಿ ಮುಂತಾದ ಕಡೆಗಳಲ್ಲಿ ದೊಡ್ಡ ನಿಲ್ದಾಣಗಳಾದವು. ಇವುಗಳಲ್ಲಿ ಕೆಲವು ನಿಜವಾಗಿಯೂ ಉಪಯೋಗಕ್ಕೆ ಬಂದಿವೆ. ಆದರೆ 2014ರಲ್ಲಿ ಪೀಣ್ಯದಲ್ಲಿ ತೆರೆದ ಬಸವೇಶ್ವರ ಬಸ್ ನಿಲ್ದಾಣದ ಗತಿಯನ್ನು ಸ್ವಲ್ಪ ನಿಂತು ನೋಡಬೇಕು. ತುಮಕೂರು ರಸ್ತೆಯಲ್ಲಿ ಬರುವ ದೂರದ ಬಸ್ಸುಗಳಿಗಾಗಿ ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ, ನೋಡಲು ಚೆಂದದ ನಿಲ್ದಾಣ ಅದು. ಬಸ್ಸುಗಳನ್ನು ಅಲ್ಲಿಗೆ ವರ್ಗಾಯಿಸಿದರು. ಜನ ಒಪ್ಪಲಿಲ್ಲ. ಹೆಚ್ಚು ಕಾಲ ಕಳೆಯುವ ಮೊದಲೇ ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿಗೇ ಹಿಂದಿರುಗಿದವು. ಕಟ್ಟಡ ಖಾಲಿ ಬಿತ್ತು.

ಏಕೆ ಹೀಗಾಯಿತು? ಜನರ ಹಟಮಾರಿತನವೆಂದು ಹೇಳಿದವರುಂಟು. ನಾನು ಹಾಗೆ ಹೇಳಲಾರೆ. ಒಬ್ಬ ರೈತನ ಲೆಕ್ಕ ಹಾಕಿ ನೋಡಿ. ಮುಂಚೆ ಅವನು ಒಂದೇ ಬಸ್ಸಿನಲ್ಲಿ ಕೂತು ಮೆಜೆಸ್ಟಿಕ್ಕಿಗೆ ಬರುತ್ತಿದ್ದ. ಅಲ್ಲಿಂದ ನಗರದ ಯಾವ ಮೂಲೆಗೂ ಬಸ್ಸು ಸಿಕ್ಕುತ್ತಿತ್ತು. ಈಗ ಪೀಣ್ಯದಲ್ಲಿ ಇಳಿಯಬೇಕು, ನಗರದ ಬಸ್ಸು ಹುಡುಕಬೇಕು, ಮೆಜೆಸ್ಟಿಕ್ಕಿಗೆ ಬರಬೇಕು, ಅಲ್ಲಿ ಮತ್ತೊಂದು ಬಸ್ಸು ಹತ್ತಬೇಕು. ಪೀಣ್ಯದ ಕಡೆಯ ಮೆಟ್ರೋ ರೈಲು ಅಂದಿಗೆ ಮೆಜೆಸ್ಟಿಕ್ಕನ್ನು ಮುಟ್ಟಿರಲಿಲ್ಲ. ಅದು ಮುಟ್ಟಿದ್ದು 2017ರ ಜೂನಿನಲ್ಲಿ. ಅಂದ ಮೇಲೆ ಒಂದು ಬದಲಾವಣೆ ಇದ್ದದ್ದು ಎರಡಾಯಿತು, ಒಂದು ಟಿಕೆಟ್ಟು ಹೆಚ್ಚಾಯಿತು, ಮೂಟೆಯನ್ನು ಇನ್ನೊಂದು ಸಲ ಇಳಿಸಿ ಹತ್ತಿಸುವ ಕೂಲಿ ಮೈಮೇಲೆ ಬಿತ್ತು. ಸಣ್ಣ ಕಾಲುವೆ ತೋಡುವ ಮುಂಚೆಯೇ ದೊಡ್ಡ ಕಾಲುವೆಯನ್ನು ಮೊಟಕು ಮಾಡಿದಂತಾಯಿತು.

ಹಾಗಾದರೆ ಈ ಕೂಡಿಸುವ ಕೆಲಸ ಎಲ್ಲಿಯೂ ಸರಿಯಾಗಿ ಆಗಿಯೇ ಇಲ್ಲವೇ ಎಂದು ಕೇಳುತ್ತೀರಿ. ಆಗಿದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1965ರಲ್ಲಿ ಬಸ್ಸು, ರೈಲು ನಡೆಸುವ ಬೇರೆ ಬೇರೆ ಸಂಸ್ಥೆಗಳೆಲ್ಲ ಕೂಡಿ ಒಂದು ಒಕ್ಕೂಟ ಮಾಡಿಕೊಂಡವು. ಈ ರೀತಿಯದರಲ್ಲಿ ಜಗತ್ತಿಗೇ ಅದು ಮೊದಲನೆಯದು. ಯಾರ ಬಸ್ಸು ಯಾರದೆಂದು ಪ್ರಯಾಣಿಕ ಕೇಳಬೇಕಾಗಿಲ್ಲ, ಒಂದೇ ಚೀಟಿ. ಆ ದುಡ್ಡನ್ನು ಹಿಂದುಗಡೆ ಕೂತು ಸಂಸ್ಥೆಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಹಾಲಿನ ಸಂಘದಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿದ್ದರೂ ಅವರವರ ಲೆಕ್ಕ ಅವರವರಿಗೆ ಸಿಕ್ಕುವುದಿಲ್ಲವೇ, ಹಾಗೆ.

ಸ್ವಿಟ್ಜರ್ಲೆಂಡ್ ಎಂಬ ಗುಡ್ಡಗಾಡು ದೇಶದಲ್ಲಿ ಹಳ್ಳಿಗಳಿಗೆ ಹೋಗುವುದು ಅಂಚೆಯವರ ಹಳದಿ ಬಸ್ಸು. 1906ರಲ್ಲಿ ಮೊದಲನೆಯದು ಓಡಿತು. ಮುಂಚೆ ಕುದುರೆ ಗಾಡಿಯಲ್ಲಿ ಟಪಾಲಿನೊಡನೆ ಜನರನ್ನೂ ಒಯ್ಯುತ್ತಿದ್ದವರು ಮೋಟಾರಿಗೆ ಬದಲಾಯಿಸಿದರು. 1982ರಲ್ಲಿ ಆ ದೇಶದವರು ವೇಳಾಪಟ್ಟಿಯನ್ನೇ ಬದಲು ಮಾಡಿದರು. ರೈಲು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಬರಬೇಕು, ಅದು ಬರುವ ಹೊತ್ತಿಗೆ ಹಳ್ಳಿಯ ಬಸ್ಸು ನಿಲ್ದಾಣದ ಹೊರಗೆ ನಿಂತಿರಬೇಕು. 1990ರಲ್ಲಿ ಜ್ಯೂರಿಕ್ ಪ್ರಾಂತದಲ್ಲಿ ರೈಲು, ಟ್ರಾಮು, ದೋಣಿ, ಹಳ್ಳಿಯ ಹಳದಿ ಬಸ್ಸು ಎಲ್ಲಕ್ಕೂ ವಲಯದ ಲೆಕ್ಕದಲ್ಲಿ ಒಂದೇ ಟಿಕೆಟ್ಟಾಯಿತು. ವಾಸಿಗಳು, ಕೆಲಸಗಾರರು, ವಿದ್ಯಾರ್ಥಿಗಳು ಸೇರಿ 300 ಜನರಿರುವ ಯಾವ ಜನವಸತಿಗೂ ಬಸ್ಸೋ ರೈಲೋ ಇರಲೇಬೇಕೆಂದು ಅಲ್ಲಿ ನಿಯಮವುಂಟು. "ಅದು ಸಣ್ಣ ದೇಶ, ದುಡ್ಡಿನ ದೇಶ, ನಮಗೆ ಅದೆಲ್ಲ ಆಗುವ ಮಾತೇ" ಎನ್ನಬೇಡಿ. ರೈಲುದಾರಿ ಹಾಕಲು ದುಡ್ಡು ಬೇಕು. ಒಂದು ಬಸ್ಸು ಇನ್ನೊಂದಕ್ಕಾಗಿ ಐದು ನಿಮಿಷ ಕಾಯಲು ಎಷ್ಟು ದುಡ್ಡು ಬೇಕು?

ದೂರದ ದೇಶ ಏಕೆ, ನೆರೆಯ ಆಂಧ್ರಪ್ರದೇಶದಲ್ಲಿ 1999ರ ಜನವರಿಯಲ್ಲಿ ರೈತುಬಜಾರುಗಳನ್ನು ತೆರೆದಾಗ ಹಳ್ಳಿಯಿಂದ ರೈತರನ್ನೂ ಅವರ ತರಕಾರಿಯನ್ನೂ ನೇರ ಬಜಾರಿಗೆ ಕರೆತರಲು ಅಲ್ಲಿನ ಸಾರಿಗೆ ಸಂಸ್ಥೆ ವಿಶೇಷ ಬಸ್ಸುಗಳನ್ನು ಬಿಟ್ಟಿತು. ಬಜಾರು ಎಲ್ಲಿ, ಬಸ್ಸು ಎಲ್ಲಿಗೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೂತು ಯೋಚಿಸಿದ್ದರಿಂದ ಅದು ಸಾಧ್ಯವಾಯಿತು.

ಈಗ ಮತ್ತೆ ನಮ್ಮ ಊರಿಗೆ ಬರೋಣ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಮೆಟ್ರೋ ಬಂತು. ಅದು ಹಂತಹಂತವಾಗಿ ಹಳ್ಳಿಗಳ ಕಡೆಗೆ ಕೈಚಾಚುತ್ತಿದೆ. 2021ರಲ್ಲಿ ಕೆಂಗೇರಿ, 2023ರಲ್ಲಿ ಚಲ್ಲಘಟ್ಟ ಮತ್ತು ವೈಟ್‌ಫೀಲ್ಡ್, 2024ರಲ್ಲಿ ತುಮಕೂರು ರಸ್ತೆಯ ಮಾದಾವರ, 2025ರ ಆಗಸ್ಟಿನಲ್ಲಿ ಹೊಸೂರು ರಸ್ತೆಯ ಬೊಮ್ಮಸಂದ್ರ. ಕೆಂಗೇರಿಯಲ್ಲಂತೂ ಬಸ್ ನಿಲ್ದಾಣವೂ ಮೆಟ್ರೋ ನಿಲ್ದಾಣವೂ ಅಕ್ಕಪಕ್ಕದಲ್ಲೇ ಇವೆ. ಪೀಣ್ಯದಲ್ಲಿ ಕೆಟ್ಟ ಕೆಲಸ ಇಲ್ಲಿ ಕೂಡಿಬರಲು ಕಾರಣ ಇದೇ: ಊರಂಚಿನಲ್ಲಿ ಇಳಿದವನಿಗೆ ಮುಂದಿನ ದಾರಿ ಕಣ್ಣೆದುರಿಗೇ ಇದೆ, ಅದು ತಡವಿಲ್ಲದ ದಾರಿ. ಓದುವ ಮಕ್ಕಳಿಗೆ, ಕಚೇರಿಗೆ ಹೋಗುವವರಿಗೆ ಇದರಿಂದ ಬಹಳ ಉಪಕಾರವಾಗಿದೆ.

ಬುಟ್ಟಿ ಹೊತ್ತವರಿಗೆ? ಮೆಟ್ರೋದಲ್ಲಿ ಲಗೇಜಿಗೆ ಅಳತೆಯುಂಟು, ತೂಕದ ಮಿತಿಯುಂಟು. ಸೊಪ್ಪಿನ ಮಂಕರಿ, ಹೂವಿನ ಮೂಟೆಗೆ ಅಲ್ಲಿ ಜಾಗವಿಲ್ಲ. ನಗರದ ಬಸ್ಸಿಗೆ ಹಳ್ಳಿಯ ಬಸ್ಸಿಗಿದ್ದಂತೆ ಟಾಪೂ ಇಲ್ಲ, ಏಣಿಯೂ ಇಲ್ಲ. ಇಷ್ಟೇ ಅಲ್ಲ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ಒಬ್ಬ ರೈತನನ್ನು, ಅವನ ಕೈಯಲ್ಲಿ ಟಿಕೆಟ್ಟಿದ್ದರೂ, ಬಟ್ಟೆ ಚೆನ್ನಾಗಿಲ್ಲವೆಂಬ ಕಾರಣಕ್ಕೆ ಒಳಗೆ ಬಿಡದೆ ತಡೆದರು. ಗಂಟಿನಲ್ಲಿದ್ದದ್ದು ಬಟ್ಟೆಬರೆ ಅಷ್ಟೆ. ಜೊತೆಯ ಪ್ರಯಾಣಿಕರು ಅವನ ಪರ ನಿಂತು ಜಗಳವಾಡಿ ಒಳಗೆ ಕರೆದೊಯ್ದರು. ಸುದ್ದಿ ಎಲ್ಲೆಡೆ ಹಬ್ಬಿದ ಮೇಲೆ ಮೆಟ್ರೋ ನಿಗಮದವರು ಆ ಕಾವಲಿನ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ತೆಗೆದದ್ದು ಸರಿಯೇ. ಆದರೆ ಹಳ್ಳಿಯ ದಾರಿಯೂ ನಗರದ ದಾರಿಯೂ ಕೂಡುವ ಬಾಗಿಲಲ್ಲಿ ನಿಂತವನಿಗೆ, ಆ ಬಾಗಿಲು ಹಳ್ಳಿಯವನಿಗಾಗಿಯೂ ಇದೆ ಎಂದು ಮೊದಲೇ ಯಾರೂ ಹೇಳಿರಲಿಲ್ಲವೇ?

ಇನ್ನೊಂದು ಸಂಗತಿ ತಾಯಂದಿರಿಗೆ ಗೊತ್ತೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದು ನಾಲ್ಕೂ ನಿಗಮಗಳ ಬಸ್ಸಿಗೆ ಸಲ್ಲುವುದರಿಂದ, ಯಾರೂ ಆ ಹೆಸರು ಹಿಡಿದು ಹೇಳದಿದ್ದರೂ, ಕೆಂಪು ಬಸ್ಸಿಗೂ ನಗರದ ಬಸ್ಸಿಗೂ ನಡುವೆ 1997ರಲ್ಲಿ ಬಿದ್ದ ಬದು ಹೆಂಗಸರ ಪಾಲಿಗೆ ಮುರಿಯಿತು. ಮಾಗಡಿ ಕಡೆಯ ಒಬ್ಬ ಅಕ್ಕ ಊರಿನಲ್ಲಿ ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು, ನಗರದ ಬಸ್ಸಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಿ ಬರಲು ಕನಿಷ್ಠ ದರದ ಚಿಂತೆ ಮಾಡಬೇಕಾಗಿಲ್ಲ. ಜೊತೆಗೆ ಹೋದ ಯಜಮಾನರಿಗೆ ಮಾತ್ರ ಹಳೆಯ ಎರಡು ಟಿಕೆಟ್ಟೇ. ಮೆಟ್ರೋ ಈ ಯೋಜನೆಯಲ್ಲಿ ಸೇರಿಲ್ಲ. ದುಡ್ಡಿನ ಬದು ಮುರಿಯಿತೆಂದು ವೇಳೆಯ ಬದು ಮುರಿಯಲಿಲ್ಲ ಎಂಬುದನ್ನೂ ಹೇಳಬೇಕು. ಹಾಲ್ಟ್ ಬಸ್ಸು ತಪ್ಪಿದರೆ ಟಿಕೆಟ್ಟು ಪುಕ್ಕಟೆಯಾಗಿದ್ದು ಏನು ಬಂತು?

ಆದುದರಿಂದ ಮುಂದಿನ ಸಲ ಗ್ರಾಮಸಭೆಯಲ್ಲಿ ಬಸ್ಸಿನ ಮಾತು ಬಂದಾಗ "ನಮ್ಮೂರಿಗೆ ಒಂದು ಬಸ್ಸು ಕೊಡಿ" ಎಂದಷ್ಟೇ ಬರೆಯಬೇಡಿ. ಯಾವ ಹೊತ್ತಿಗೆ, ಎಲ್ಲಿಯ ತನಕ, ಅಲ್ಲಿ ಯಾವ ಬಸ್ಸನ್ನೋ ಮೆಟ್ರೋವನ್ನೋ ಕೂಡಬೇಕು ಎಂಬುದನ್ನು ಬರೆಯಿರಿ. ಒಂದು ವಾರ ಕಾಲ ನಿಮ್ಮೂರಿನಿಂದ ಎಷ್ಟು ಜನ ಎಲ್ಲಿ ಇಳಿದರು, ಎಲ್ಲಿ ಬದಲಾಯಿಸಿದರು, ಎಷ್ಟು ಹೊತ್ತು ಕಾದರು ಎಂದು ಕಾಲೇಜಿಗೆ ಹೋಗುವ ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಸಿ. ಹೂವು, ಸೊಪ್ಪು ಒಯ್ಯುವವರ ಹೊರೆ ಎಷ್ಟು, ಯಾವ ಮಂಡಿಗೆ ಎಂಬುದನ್ನು ಬೇರೆಯೇ ಬರೆಸಿ. ಅದನ್ನು ಪಂಚಾಯಿತಿಯ ಠರಾವಿನೊಡನೆ ನಿಮ್ಮ ಭಾಗದ ಡಿಪೋ ಮ್ಯಾನೇಜರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕೊಡಿ. ನಗರದ ಬಸ್ಸು ನಿಮ್ಮ ಕಡೆ ಬರುವಂತಿದ್ದರೆ ಅದೇ ಅರ್ಜಿಯನ್ನು ಮಹಾನಗರ ಸಾರಿಗೆಯವರಿಗೂ ಕೊಡಿ, ಮತ್ತು ಎರಡು ಕಡೆಯೂ ಕೊಟ್ಟಿದ್ದೇವೆ ಎಂದು ಎರಡು ಅರ್ಜಿಯಲ್ಲೂ ಕಾಣಿಸಿ. "ಅದು ಅವರ ಭಾಗ" ಎಂದು ಹೇಳುವುದಕ್ಕೆ ಆಗ ಅಷ್ಟು ಸುಲಭವಾಗದು. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ನಕಲು ಪಂಚಾಯಿತಿ ಕಚೇರಿಯಲ್ಲಿರಲಿ. ಮೂರು ತಿಂಗಳಾದ ಮೇಲೆ ಅದನ್ನೇ ಹಿಡಿದುಕೊಂಡು ಮತ್ತೊಮ್ಮೆ ಹೋಗಿ.